ಮೂರು ಕೆಮ್ಮಿನ ಉಲಿಯಕ್ಕಿ

ಸೆಪ್ಟೆಂಬರ್ 21, ಭಾನುವಾರ

ಸ್ವಸ್ತಿಶ್ರೀ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಿಂದ ಅಮಾನಿಕೆರೆಯ ಏರಿಯವರೆಗಿನ ಸಮಸ್ತ ಆಕಾಶಕ್ಕೂ, ಅದರಡಿಯ ಸಮಸ್ತ ಕರೆಂಟ್ ತಂತಿಗಳಿಗೂ ಒಡೆಯರಾದ, ಒಗೆದು ಹರವಿದ ಬಟ್ಟೆಯ ಮೇಲೆ ಹಿಕ್ಕೆ ಹಾಕುವ ಪರಮಾಧಿಕಾರವನ್ನು ಸೂರ್ಯಚಂದ್ರರು ಇರುವವರೆಗೆ ಉಂಬಳಿಯಾಗಿ ಪಡೆದ, ಕೊಕ್ಕುಳ್ಳ, ಪುಕ್ಕವುಳ್ಳ, ಹೇಳದೆ ಕೇಳದೆ ಹಾರಿಹೋಗುವ ಸಕಲ ಪಕ್ಷಿಸಮೂಹದ ಸನ್ನಿಧಾನಕ್ಕೆ, ರೀಲರ್ ಬಷೀರ್ ಅಹಮದ್ ಅವರ ದ್ವಿತೀಯ ಪುತ್ರಿ, ಬಿ.ಎಸ್ಸಿ. ಎರಡನೇ ವರ್ಷದ ಹುಮಾ ಅರ್ಪಿಸುವ ಅನಂತಾನಂತ ಸಲಾಮುಗಳು. ಉಭಯಕುಶಲೋಪರಿ. ಅಕ್ಟೋಬರ್ 12ನೇ ಭಾನುವಾರ ಗಣತಿ ಇರುತ್ತದೆ. ತಾವೆಲ್ಲರೂ ತಪ್ಪದೆ ಹಾಜರಿರತಕ್ಕದ್ದು. ಗೈರುಹಾಜರಾದವರ ಹೆಸರನ್ನು ಬೆಕ್ಕಿಗೆ ತಿಳಿಸಲಾಗುವುದು.

ಆಯಿತು. ಮಹಡಿಯ ಮೇಲೆ ಕೂತಿದ್ದೇನೆ. ಕೆಳಗೆ ಅಬ್ಬಾನ ರೀಲಿಂಗ್ ಘಟಕ, ಗೂಡು ಬೇಯುವ ವಾಸನೆ. ನೂಲು ಬಿಚ್ಚಿದ ಮೇಲೆ ಉಳಿದ ಹುಳಗಳನ್ನು ಹಿತ್ತಲಲ್ಲಿ ಒಣಹಾಕಿದ್ದಾರೆ. ಮೈನಾಗಳಿಗೆ ದಾವತ್. ಬೆಳ್ಳಕ್ಕಿಗಳು ಕಾಂಪೌಂಡಿನ ಮೇಲೆ ಸಾಲಾಗಿ, ರೇಷನ್ ಅಂಗಡಿ ಮುಂದೆ ನಿಂತ ಹಾಗೆ. ಮೇಲೆ ಒಂದು ಹದ್ದು ಸುತ್ತುತ್ತಿದೆ — ಇನ್‌ಸ್ಪೆಕ್ಷನ್.

ಅಬ್ಬಾ ಕೆಳಗಿಂದ ಕೂಗಿದರು. "ಬೇಟಾ, ಹಕ್ಕಿ ಎಣಿಸ್ತಾ ಇದ್ದೀಯೋ, ಓಡಿಸ್ತಾ ಇದ್ದೀಯೋ?"

"ಎಣಿಸಿ ಓಡಿಸ್ತೀನಿ ಅಬ್ಬಾ."

"ಮೊದ್ಲು ಓಡ್ಸು. ಆಮೇಲೆ ಎಣ್ಸು."

ಎರಡನೇ ಸಲ ಗಣತಿಗೆ ಹೋಗುತ್ತಿರುವ ಅನುಭವಸ್ಥೆಯಾಗಿ ನಿಯಮಗಳನ್ನು ಇಲ್ಲಿ ಕೆತ್ತಿಡುತ್ತೇನೆ. ನಾಲ್ಕು ತಾಲ್ಲೂಕು, ನಾಲ್ಕು ತಂಡ: ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ನಾವು. ಯಾರಿಗೆ ಹೆಚ್ಚು ಬಗೆಯ ಹಕ್ಕಿ ಸಿಗುತ್ತದೋ ಅವರಿಗೆ ಫ್ಲಾಸ್ಕ್. ಚಿನ್ನದ್ದಲ್ಲ, ಸ್ಟೀಲಿನದು, ಸೊಂಟ ನಗ್ಗಿದೆ. ಸೋತ ಮೂರು ತಂಡದವರು ಅದರಿಂದ ಗೆದ್ದವರಿಗೆ ಚಹಾ ಬಗ್ಗಿಸಿಕೊಡಬೇಕು. ಶಿಡ್ಲಘಟ್ಟದವರು ಇದುವರೆಗೆ ಬಗ್ಗಿಸಿದ್ದೇವೆ. ಕುಡಿದಿಲ್ಲ.

ಇನ್ನೊಂದು, ಜೋಡಿ ನಿಯಮ. ಹಕ್ಕಿ ಲೆಕ್ಕಕ್ಕೆ ಬರಬೇಕಾದರೆ ಜೋಡಿಯಲ್ಲಿ ಇಬ್ಬರೂ ಅದನ್ನು ಕಂಡಿರಬೇಕು, ಇಲ್ಲವೇ ಅದರ ದನಿ ಕೇಳಿರಬೇಕು. ಒಬ್ಬರು ಸುಳ್ಳು ಹೇಳಬಹುದು, ಇಬ್ಬರು ಹೇಳಲಾರರು ಎಂಬುದು ಹಿರಿಯರ ನಂಬಿಕೆ. ಹಿರಿಯರು ಒಳ್ಳೆಯವರು.

ನನ್ನ ಜೋಡಿ ನರ್ಸಮ್ಮ. ವೆಂಕಟರತ್ನಮ್ಮ ಎಂಬ ಪೂರ್ಣ ಹೆಸರು ಅವರ ಪೆನ್ಷನ್ ಪುಸ್ತಕಕ್ಕೆ ಮಾತ್ರ ಗೊತ್ತು. ರಿಟೈರ್ಡ್ ನರ್ಸ್, ಹೆರಿಗೆ ಮಾಡಿಸಿ ಅರ್ಧ ಊರನ್ನು ಭೂಮಿಗೆ ಇಳಿಸಿಕೊಂಡವರು. ನನ್ನನ್ನೂ. ಅಮ್ಮಿಯ ಹೊಟ್ಟೆಗೆ ಕಹಳೆಯಂಥ ಕೊಳವೆ ಇಟ್ಟು ನನ್ನ ಎದೆಬಡಿತವನ್ನು ಮೊಟ್ಟಮೊದಲು ಕೇಳಿದ ಕಿವಿ ಅವರದು. ಈಗ ಅದೇ ಕಿವಿಯಲ್ಲಿ ಹಕ್ಕಿ ಕೇಳುತ್ತಾರೆ. ನಮ್ಮ ಕೆರೆಯ ಲೈನ್, ಅಂದರೆ ಎಣಿಸುತ್ತ ನಡೆಯುವ ದಾರಿ, ಶುರುವಾದಾಗಿನಿಂದ ಅವರೇ ಲೀಡರ್.


ಸೆಪ್ಟೆಂಬರ್ 28, ಭಾನುವಾರ. ರಾತ್ರಿ

ಇಂದಿನ ಕುಚೇಷ್ಟೆಯ ವರದಿ.

ಆಯುಧ: ನಿಂಬೆಹಣ್ಣಿನ ಗಾತ್ರದ ಬ್ಲೂಟೂತ್ ಸ್ಪೀಕರ್. ಅಡಗುತಾಣ: ನರ್ಸಮ್ಮನ ಹೆಗಲಿನ ಬಟ್ಟೆ ಬ್ಯಾಗ್. ಮದ್ದುಗುಂಡು: ಹಸಿರು ಉಲಿಯಕ್ಕಿಯ ದನಿ, ಫೋನಿನಲ್ಲಿ. ಹೆಬ್ಬೆರಳಿನಷ್ಟೇ ಇರುವ ಎಲೆಬಣ್ಣದ ಹಕ್ಕಿ. ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ನಮ್ಮೂರಿಗೆ ಬರುತ್ತದೆ. ಎಲೆಯೊಳಗೆ ಎಲೆಯಾಗಿರುವುದರಿಂದ ಕಾಣುವುದು ಕಡಿಮೆ, ಕೇಳುವುದೇ ಹೆಚ್ಚು. ಸಣ್ಣ ದನಿ. ಚಿಸ್‌ವೀ. ಈ ವರ್ಷ ಇನ್ನೂ ಯಾರಿಗೂ ಸಿಕ್ಕಿಲ್ಲ.

ಕೆರೆ ಏರಿಯ ಮೇಲೆ ಅಭ್ಯಾಸದ ನಡಿಗೆ. ತಂಡದವರೆಲ್ಲ ಇದ್ದರು. ಹುಣಸೆ ಮರ ಬಂದಾಗ ಪ್ಲೇ ಒತ್ತಿದೆ.

ಫಲಿತಾಂಶ ಅದ್ಭುತ. ರಿಟೈರ್ಡ್ ಕಂಡಕ್ಟರ್ ನಲ್ಲಪ್ಪನವರು "ಹೋಲ್ಡಾನ್" ಎಂದರು, ಬಸ್ಸಿನಲ್ಲಿ ಹೇಳುವ ಹಾಗೇ. ಎಲ್ಲರೂ ನಿಂತರು. ಬೈನಾಕ್ಯುಲರ್‌ಗಳೆಲ್ಲ ಮರದ ಕಡೆಗೆ. ಹಕ್ಕಿಯ ದನಿ ಮಾತ್ರ ಮರ ಬಿಟ್ಟು ಏರಿಯ ಮೇಲೆ ನಡೆದುಕೊಂಡು ಮುಂದೆ ಹೋಗುತ್ತಿದೆ.

ಯಾಕೆಂದರೆ ನರ್ಸಮ್ಮ ನಿಂತಿರಲಿಲ್ಲ. ಬ್ಯಾಗು ಅವರ ಸೊಂಟದ ಹತ್ತಿರ ಚಿಸ್‌ವೀ ಚಿಸ್‌ವೀ ಎನ್ನುತ್ತಿದೆ. ಅವರು ಸುಮ್ಮನೆ ನಡೆಯುತ್ತಿದ್ದಾರೆ. ಸ್ವಲ್ಪ ದೂರ ಹೋಗಿ ತಿರುಗಿದರು.

"ಏಮಮ್ಮಾ, ಎಲ್ರೂ ಅಲ್ಲೇ ನಿಂತ್ಬಿಟ್ರಿ?"

ನಲ್ಲಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರೂ ನಕ್ಕರು. ನರ್ಸಮ್ಮನೂ ನಕ್ಕರು, ಯಾಕೆಂದು ಗೊತ್ತಾಗದೆ.

ಆಫ್ ಮಾಡಿದೆ.


ಸೆಪ್ಟೆಂಬರ್ 30

ಸ್ಪೀಕರಿನ ವಾಲ್ಯೂಮ್ ಕಡಿಮೆ ಇತ್ತೇನೋ ಎಂದು ನನಗೆ ನಾನೇ ಹೇಳಿಕೊಂಡೆ. ಅದಕ್ಕೇ ಇವತ್ತು ಅವರೊಬ್ಬರ ಜೊತೆ ಹೋದೆ. ಸ್ಪೀಕರ್ ಇಲ್ಲದೆ. ಸಭ್ಯಳಾಗಿ.

ಕೆಂಬೂತ ಕೂಗಿತು. ನನಗಿಂತ ಮೊದಲು ಹೇಳಿದರು. ಟಿಟ್ಟಿಭ, ಪಿಕಳಾರ, ಆಚೆ ದಡದ ಗುಳುಮುಳುಕ — ಎಲ್ಲ ಸರಿ. ಕಣ್ಣಂತೂ ಹದ್ದಿನದು. ಆದರೆ ಹೊಂಗೆ ಮರದಡಿ ನಿಂತಾಗ ನಮ್ಮ ತಲೆಯ ಮೇಲೇ ಬೆರಳುದ್ದದ ಬದನಿಕೆ ಹಕ್ಕಿಗಳು. ಟಿಕ್, ಟಿಕ್, ಟಿಕ್. ಯಾರೋ ಸೂಜಿಯಿಂದ ಗಾಜು ತಟ್ಟಿದ ಹಾಗೆ. ಪಕ್ಕದಲ್ಲಿ ಹೂವಿನ ಮಧು ಹೀರುವ ಸೂರಕ್ಕಿಯ ಕೀರಲು ಜಗಳ.

ನರ್ಸಮ್ಮ ಮರ ನೋಡಿ ನಿಟ್ಟುಸಿರಿಟ್ಟರು.

"ಈ ವರ್ಷ ಸಣ್ಣ ಹಕ್ಕಿಗಳು ಯಾಕೋ ಮಾತೇ ಆಡ್ತಾ ಇಲ್ಲ ಕಣಮ್ಮ. ಮರ ಎಲ್ಲ ಮೂಗ ಆಗ್ಬಿಟ್ಟಿದೆ. ನಿಂಗೂ ಹಂಗೇ ಅನ್ನಿಸ್ತಾ?"

ಟಿಕ್, ಟಿಕ್.

"ಹೌದು ನರ್ಸಮ್ಮ," ಎಂದೆ.

ಒಂದು ನಿಮಿಷ ನನ್ನ ಮುಖವನ್ನೇ ನೋಡಿದರು. ಆಮೇಲೆ ಕೊಡೆ ಬಿಡಿಸಿದರು. ಬಿಸಿಲಿರಲಿಲ್ಲ.


ಅಕ್ಟೋಬರ್ 3, ಶುಕ್ರವಾರ

ಚಿಕ್ಕಬಳ್ಳಾಪುರದಲ್ಲಿ ಮೀಟಿಂಗ್. ಹೋಗುವ ಬಸ್ಸಿನಲ್ಲಿ ಕಿಟಕಿಯ ಸೀಟಿಗಾಗಿ ನರ್ಸಮ್ಮನಿಗೂ ನನಗೂ ಯುದ್ಧ, ಅವರು ವಯಸ್ಸು ತೋರಿಸಿ ಗೆದ್ದರು. ಬರುವಾಗ ಕಿಟಕಿ ಖಾಲಿಯಿದ್ದರೂ ಈಚೆ ಸೀಟಿನಲ್ಲೇ ಕೂತರು.

ನಡೆದದ್ದು ಇಷ್ಟು. ಗಣತಿಯ ಕೋಆರ್ಡಿನೇಟರ್ ಅಂಬರೀಶ್ ಸರ್. ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ, ಕೊರಳಲ್ಲಿ ಮಗುವಿನಷ್ಟು ಭಾರದ ಕ್ಯಾಮೆರಾ. ಕೆಟ್ಟವರಲ್ಲ. ಎಲ್ಲದಕ್ಕೂ 'ಡೇಟಾ' ಎನ್ನುವವರು, ಅಷ್ಟೇ. ಚಹಾ ಬಂದ ಮೇಲೆ ಗಂಟಲು ಸರಿಮಾಡಿಕೊಂಡರು.

"ಮೇಡಂ, ಈ ವರ್ಷ ನೀವು ರಿಜಿಸ್ಟ್ರೇಷನ್ ಡೆಸ್ಕ್ ನೋಡ್ಕೋತೀರಾ? ನೆರಳಲ್ಲಿ ಕೂತ್ಕೋಬಹುದು."

"ಟೋಕನ್ ಕೊಡಕ್ಕೆ ನಾನೇನು ಓಪಿಡಿಗೆ ಬಂದಿದೀನಾ ಅಂಬರೀಶಪ್ಪ?"

"ಹಂಗಲ್ಲ... ಗ್ರೂಪಲ್ಲಿ ನಲ್ಲಪ್ಪನವರು ಹಾಕಿದ್ದರಲ್ಲ, ಬ್ಯಾಗಿನ ವಿಷಯ."

ನಾನು ಬಿಸ್ಕತ್ತನ್ನು ಚಹಾದಲ್ಲೇ ಮುಳುಗಿಸಿಬಿಟ್ಟೆ. ನಲ್ಲಪ್ಪನವರು ನಗುವ ಮುಖಗಳ ಮೆರವಣಿಗೆಯೊಂದಿಗೆ ಇಡೀ ಕಥೆಯನ್ನು ನಾಲ್ಕು ತಾಲ್ಲೂಕಿನ ವಾಟ್ಸಪ್ ಗ್ರೂಪಿಗೆ ಹಾಕಿದ್ದಾರೆ.

"ಸಣ್ಣ ದನಿ ಕೇಳಿಸದವರು ಲೈನ್ ಲೀಡ್ ಮಾಡಿದ್ರೆ ಡೇಟಾ ಕ್ವಾಲಿಟಿ ಹೋಗುತ್ತೆ ಮೇಡಂ. ತಪ್ಪು ತಿಳ್ಕೋಬೇಡಿ."

ನರ್ಸಮ್ಮ ಕಪ್ಪು ಕೆಳಗಿಟ್ಟರು. ಸದ್ದಾಗದ ಹಾಗೆ.

"ನನ್ ಕಿವಿ ಮೇಲೆ ಅನುಮಾನ ಇದ್ರೆ ಗಣತಿ ದಿನ ನೀನೇ ನಮ್ ಲೈನಿಗೆ ಬಾರಪ್ಪ. ನಿನ್ ಎದುರಿಗೇ ಸಣ್ಣ ದನಿ ಹೇಳ್ತೀನಿ. ಹೇಳಕ್ಕೆ ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ನಾನೇ ಟೇಬಲ್ ಹಾಕ್ಕೊಂಡು ಕೂತ್ಕೋತೀನಿ."

"ಸರಿ ಮೇಡಂ. ಬರ್ತೀನಿ."

ಬೆಂಕಿಕಡ್ಡಿ ಗೀರಿದ್ದು ನಾನು. ಮನೆ ನರ್ಸಮ್ಮನದು.


ಅಕ್ಟೋಬರ್ 4

ಐಡಿಯಾ ಬಂತು. ಸ್ನಾನದ ಮನೆಯಲ್ಲಿ. ಮಹತ್ತಾದ ಐಡಿಯಾಗಳಿಗೆ ಸೋಪು ಬೇಕು.

ನರ್ಸಮ್ಮನ ಕಣ್ಣಿಗೆ ಏನೂ ಆಗಿಲ್ಲ. ದಪ್ಪ ದನಿ ಎಲ್ಲ ಕೇಳುತ್ತದೆ. ಕೇಳದಿರುವುದು ತೆಳ್ಳಗಿನ ದನಿ ಮಾತ್ರ. ಅಂದರೆ ತೆಳ್ಳಗಿನದನ್ನು ಯಾರಾದರೂ ದಪ್ಪ ಮಾಡಿ ಕೊಟ್ಟರೆ ಸಾಕು. ಯಾರು? ನಾನು. ಹೇಗೆ? ಕೆಮ್ಮಿ.

ರಾಜಾಜ್ಞೆ:
ಒಂದು ಕೆಮ್ಮು — ಬದನಿಕೆ ಹಕ್ಕಿ.
ಎರಡು — ಸೂರಕ್ಕಿ.
ಮೂರು — ಉಲಿಯಕ್ಕಿ.

ಅವರಿಗೆ ಹೇಳುವಂತಿಲ್ಲ. ಹೇಳಿದರೆ ಮರ್ಯಾದೆಗೆ ಪೆಟ್ಟು, ಮತ್ತೆ ನನಗೆ ಕೊಡೆಯಿಂದ ಪೆಟ್ಟು. ಗೊತ್ತಿಲ್ಲದ ಹಾಗೆ ಕಲಿಸಬೇಕು. ಕೆಮ್ಮುವುದು, ತಕ್ಷಣ ಹಕ್ಕಿಯ ಹೆಸರು ಹೇಳುವುದು. ಕೆಮ್ಮುವುದು, ಹೆಸರು. ಒಂದು ವಾರದಲ್ಲಿ ಕೆಮ್ಮು ಕೇಳಿದರೆ ಹೆಸರು ತಾನಾಗಿ ಬಾಯಿಗೆ ಬರಬೇಕು. ಸೈಕಾಲಜಿ.

ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ಸಹಜವಾದ, ಗೌರವಾನ್ವಿತ, ಎಲ್ಲೂ ನಾಟಕವೆನಿಸದ ಕೆಮ್ಮು.

ಅಮ್ಮಿ ಅಡುಗೆ ಮನೆಯಿಂದ ಜೋಶಾಂದಾ ಕುದಿಸಿ ತಂದರು. ಕಷಾಯಗಳ ಸಾಲಿನಲ್ಲೇ ಅತಿ ಕಹಿ. ಬೇಡ ಎಂದರೆ ಯಾಕೆ ಕೆಮ್ಮಿದೆ ಎಂದು ಹೇಳಬೇಕು. ಕುಡಿದೆ. ಕ್ರಾಂತಿಗೆ ಬಲಿದಾನ ಅನಿವಾರ್ಯ.


ಅಕ್ಟೋಬರ್ 6

ಪಾಠ ಒಂದು.

ಕೆಮ್ಮಿದೆ. "ಬದನಿಕೆ ಅಲ್ವಾ ನರ್ಸಮ್ಮ, ಆ ಕೊಂಬೆ ಮೇಲೆ?" ನೋಡಿದರು. "ಹೂಂ, ಬದನಿಕೇನೇ."

ಎರಡು ಕೆಮ್ಮು. "ಸೂರಕ್ಕಿ ಬಂತು."

"ಸೂರಕ್ಕಿ ಇರ್ಲಿ, ನಿಂಗೇನಮ್ಮಾಯಿ ಕೆಮ್ಮು?"

"ಧೂಳು."

"ನಾಲಿಗೆ ತೋರ್ಸು."

ತೋರಿಸಿದೆ. ಏರಿಯ ಮೇಲೆ, ಎಮ್ಮೆಗಳ ಎದುರು. ಬ್ಯಾಗಿನಿಂದ ಶುಂಠಿ ತುಂಡು ತೆಗೆದು ಬಾಯಿಗೆ ತುರುಕಿದರು. ಮಧ್ಯಾಹ್ನ ಮತ್ತೆ ಜೋಶಾಂದಾ. ಬೇಹುಗಾರರ ಬಾಳು ಕಷ್ಟದ್ದು.


ಅಕ್ಟೋಬರ್ 9. ಬೆಳಿಗ್ಗೆ

ಒಂದು ಕೆಮ್ಮಿದೆ. ನಾನು ಬಾಯಿ ತೆರೆಯುವ ಮೊದಲೇ ನರ್ಸಮ್ಮ ಹೊಂಗೆ ಮರ ನೋಡುತ್ತ, "ಬದನಿಕೆ."

ಎರಡು. "ಸೂರಕ್ಕಿ, ಎಡಕ್ಕೆ."

ಕುಣಿಯಬೇಕೆನಿಸಿತು. ಕುಣಿದರೆ ಏರಿಯಿಂದ ಕೆರೆಗೆ. ಸುಮ್ಮನಿದ್ದೆ.

ಮೂರನೆಯದೇ ತಲೆನೋವು. ಉಲಿಯಕ್ಕಿಯೇ ಇಲ್ಲದಿದ್ದರೆ ಮೂರು ಕೆಮ್ಮನ್ನು ಕಲಿಸುವುದು ಹೇಗೆ? ಹುಣಸೆ ಮರದ ಕೆಳಗೆ ನಿಂತು ಮೂರು ಸಲ ಕೆಮ್ಮಿ, "ಉಲಿಯಕ್ಕಿ ಬಂದ್ರೆ ಈ ಮರಕ್ಕೇ ಬರುತ್ತೆ ಅಲ್ವಾ ನರ್ಸಮ್ಮ?" ಎಂದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

"ಬರುತ್ತೆ ಬಿಡು. ಬಂದ್ರೆ ಗೊತ್ತಾಗುತ್ತೆ," ಎಂದು ನಕ್ಕರು. ಈ ವಾರ ಮೊದಲ ಸಲ.

ಪಾಪ, ತಾನು ಕೆಮ್ಮು ಕೇಳಿ ಹೇಳುತ್ತಿದ್ದೇನೆಂದು ಅವರಿಗೆ ಅರಿವೇ ಇಲ್ಲ. ನಾನು ಇಷ್ಟು ಬುದ್ಧಿವಂತೆ ಎಂದು ಮೊದಲೇ ಗೊತ್ತಿದ್ದರೆ ಸೈಕಾಲಜಿಯನ್ನೇ ತಗೋತಿದ್ದೆ.


ಅಕ್ಟೋಬರ್ 11, ಶನಿವಾರ. ಸಂಜೆ

ಶತ್ರು ಪಾಳೆಯದಿಂದ ವಾಯ್ಸ್ ಮೆಸೇಜ್. ಗೌರಿಬಿದನೂರು ತಂಡದ ಹರಿತಾ. ನನ್ನ ಕ್ಲಾಸ್‌ಮೇಟ್, ಗಣತಿಯ ವಾರದಲ್ಲಿ ಮಾತ್ರ ವೈರಿ.

"ಹುಮಾ, ಉಲಿಯಕ್ಕಿ ಎಲ್ಲೂ ಇಲ್ಲ ಕಣೇ. ತೊಂಡೇಬಾವಿ ಸ್ಟೇಷನ್ನಿಂದ ನಗರಗೆರೆವರ್ಗೂ ಸೋಸಿಬಿಟ್ವಿ. ಆದ್ರೂ ಫ್ಲಾಸ್ಕ್ ನಮ್ದೇ. ನೀವು ಲೋಟ ತೊಳೆದಿಟ್ಕೊಳ್ಳಿ."

ಉತ್ತರ ಕಳಿಸಿದೆ. "ಘನತೆವೆತ್ತ ಗೌರಿಬಿದನೂರಿನ ಸಂಸ್ಥಾನಕ್ಕೆ. ತಮ್ಮ ಲೋಟದ ಅಳತೆ ತಿಳಿಸುವುದು. ಚಹಾ ಬಗ್ಗಿಸುವಾಗ ತಮ್ಮ ಕೈ ಸುಟ್ಟರೆ ನಮ್ಮಲ್ಲಿ ನರ್ಸಮ್ಮ ಇದ್ದಾರೆ."

ಬೈನಾಕ್ಯುಲರ್ ಒರೆಸಿದೆ. ಗಂಟಲಿಗೆ ಬಿಸಿನೀರು. ನಿದ್ದೆ ಬರುತ್ತಿಲ್ಲ.


ಅಕ್ಟೋಬರ್ 12, ಭಾನುವಾರ. ಬೆಳಗಿನ ಜಾವ

ಎದ್ದೆ. ಅಬ್ಬಾ ಸ್ಕೂಟರ್ ತೆಗೆದಿದ್ದಾರೆ, ಏರಿವರೆಗೆ ಬಿಡುತ್ತಾರಂತೆ. "ಬೆಳ್ಳಕ್ಕಿ ಕಮ್ಮಿ ಬಿದ್ರೆ ಫೋನ್ ಮಾಡು. ಹಿತ್ಲಲ್ಲಿ ಬೇಕಾದಷ್ಟಿವೆ."

ನಕ್ಷತ್ರ ಇನ್ನೂ ಇದೆ. ಗೂಬೆಯೊಂದು ಆಗಲೇ ಹಾಜರಿ ಹಾಕಿತು. ಹೊರಟೆ.


ಅದೇ ದಿನ. ಸಂಜೆ

ಅಕ್ಷರ ಕೋಳಿ ಕೆದರಿದ ಹಾಗಿದೆ. ಇತಿಹಾಸ ಕ್ಷಮಿಸಲಿ.

ಮಂಜು. ಕೆರೆಯ ತುಂಬ ನೀರು, ನೀರಿನ ತುಂಬ ಬಾತು. ಅಂಬರೀಶ್ ಸರ್ ಬಂದವರೇ ನರ್ಸಮ್ಮನ ಎಡಕ್ಕೆ ನಿಂತರು, ನಾನು ಬಲಕ್ಕೆ. ಪರೀಕ್ಷೆ ಬರೆಯುವವರ ಪಕ್ಕ ಸ್ಕ್ವಾಡ್ ನಿಂತ ಹಾಗೆ.

ಮೊದಲರ್ಧ ನರ್ಸಮ್ಮನ ಕಣ್ಣೇ ಸಾಕಾಯಿತು. ಜೊಂಡಿನೊಳಗಿನ ನೇರಳೆ ಜಂಬುಕೋಳಿ. ತಂತಿಯ ಮೇಲೆ ನೀಲಕಂಠ. ಅಂಬರೀಶ್ ಸರ್ ಕ್ಯಾಮೆರಾ ಎತ್ತುವಷ್ಟರಲ್ಲಿ ಇವರು ಹೆಸರು ಹೇಳಿ ಮುಂದೆ ಹೋಗಿರುತ್ತಿದ್ದರು. ಸಿಪಿಲೆಗಳು ಬಾಲ ಕುಣಿಸುತ್ತ ಸ್ವಾಗತ ಸಮಿತಿಯವರಂತೆ ದಾರಿ ತೋರಿಸಿದವು.

ಹೊಂಗೆ ತೋಪು. ಟಿಕ್. ಕೆಮ್ಮಿದೆ.

"ಬದನಿಕೆ," ಎಂದರು ನರ್ಸಮ್ಮ, ಬೈನಾಕ್ಯುಲರ್ ಕೂಡ ಎತ್ತದೆ.

ಅಂಬರೀಶ್ ಸರ್ ಕಿವಿ ಆ ಕಡೆ ತಿರುಗಿಸಿದರು. "ಕರೆಕ್ಟ್."

ಎರಡು ಕೆಮ್ಮಿದೆ.

"ಸೂರಕ್ಕಿ. ಆ ತುದಿ ಕೊಂಬೆ ಹಿಂದೆ."

"ಕರೆಕ್ಟ್ ಮೇಡಂ." ಈ ಸಲ ದನಿಯಲ್ಲಿ ಸ್ವಲ್ಪ ಆಶ್ಚರ್ಯ. ಆಮೇಲೆ ನನ್ನ ಕಡೆ ನೋಡಿ, "ಹುಮಾ, ಕೆಮ್ಮು ಇದ್ರೆ ಮಾಸ್ಕ್ ಹಾಕ್ಕೋಬಾರ್ದಾ? ಹಕ್ಕಿಗಳು ಹೆದರ್ತಾವೆ."

ನರ್ಸಮ್ಮ ತಿರುಗಿ ಕೂಡ ನೋಡಲಿಲ್ಲ. "ಧೂಳಪ್ಪ. ರೀಲಿಂಗ್ ಮನೆ ಮಗು. ನಾಲಿಗೆ ನೋಡಿದೀನಿ, ಏನಿಲ್ಲ."

ನಡುನಡುವೆ ಫೋನಿನಲ್ಲಿ ಎಲ್ಲ ತಾಲ್ಲೂಕುಗಳ ಸುದ್ದಿ. ಚಿಂತಾಮಣಿ ಹಿಂದೆ. ಚಿಕ್ಕಬಳ್ಳಾಪುರ ಅದಕ್ಕಿಂತ ಸ್ವಲ್ಪ ಮುಂದೆ. ಗೌರಿಬಿದನೂರು ಮತ್ತು ನಾವು — ಸಮ ಸಮ. ಹರಿತಾ ಒಂದು ಲೋಟದ ಚಿತ್ರ ಕಳಿಸಿದಳು.

ಗಣತಿ ಮುಗಿಯಲು ಸ್ವಲ್ಪವೇ ಹೊತ್ತು. ಹುಣಸೆ ಮರದಡಿ ಕೂತೆವು. ನರ್ಸಮ್ಮ ಡಬ್ಬಿ ಬಿಚ್ಚಿದರು, ಚಿತ್ರಾನ್ನ. ಮುತ್ತುಗದೆಲೆಯಲ್ಲಿ ಮೂವರಿಗೂ ಬಡಿಸಿದರು. ಅಂಬರೀಶ್ ಸರ್ ತಿನ್ನುತ್ತಲೇ ಹೇಳಿದರು, "ಮೇಡಂ, ನಿಮ್ ಕಣ್ಣು ಸೂಪರ್. ಆದ್ರೆ ಬದನಿಕೆ, ಸೂರಕ್ಕಿ ವರ್ಷವಿಡೀ ಇರೋವು. ಅಂದಾಜಲ್ಲೂ ಹೇಳ್ಬಹುದು. ಅದಕ್ಕೇ ನನಗೆ ಇನ್ನೂ..."

ನರ್ಸಮ್ಮ ಎಲೆ ನೋಡುತ್ತಿದ್ದರು. ತುತ್ತು ಕೈಯಲ್ಲೇ ಇತ್ತು.

ಆಗ ಕೆಮ್ಮಿದೆ. ಮೂರು ಸಲ.

ನರ್ಸಮ್ಮ ತಲೆ ಎತ್ತಿದರು. ಇಡೀ ಮುಖವೇ ಬದಲಾಯಿತು. ಎಡಗೈ ಎತ್ತಿ ನಮ್ಮನ್ನು ಸುಮ್ಮನಿರಿಸಿ, ಮರದ ಒಳಗೆ ಎಲ್ಲೋ ನೋಡುತ್ತ ನಿಧಾನಕ್ಕೆ ಹೇಳಿದರು.

"ಉಲಿಯಕ್ಕಿ. ಬಂದಿದೆ ಕಣಮ್ಮ. ಬಂತು."

ನನ್ನ ಕಣ್ಣಲ್ಲಿ ನೀರು. ಭಾವೋದ್ವೇಗ. ಮಾತು ಹೊರಡಲಿಲ್ಲ. ಜೋರಾಗಿ ತಲೆಯಾಡಿಸಿದೆ. ಜೋಡಿ ನಿಯಮ ಪೂರ್ಣವಾಯಿತು.

ಇಬ್ಬರೂ ಅಂಬರೀಶ್ ಸರ್ ಕಡೆ ನೋಡಿದೆವು. ಅವರು ಅಗಿಯುವುದನ್ನು ನಿಲ್ಲಿಸಿದ್ದರು. ಹುಬ್ಬು ಗಂಟಿಕ್ಕಿ, ಕತ್ತು ಓರೆ ಮಾಡಿ ತುಂಬಾ ಹೊತ್ತು ಕೇಳಿದರು. ಆಮೇಲೆ ಕೇಳಿಯೇ ಅಭ್ಯಾಸವಿರುವವರ ಗಾಂಭೀರ್ಯದಿಂದ ಕಣ್ಣು ಮುಚ್ಚಿದರು.

"ಹೌದು. ಕೇಳಿಸ್ತು. ಹಸಿರು ಉಲಿಯಕ್ಕಿ. ಜಿಲ್ಲೆಗೇ ಈ ವರ್ಷದ ಮೊದಲನೇದು." ಎಲೆ ಪಕ್ಕಕ್ಕಿಟ್ಟು ಕೈಮುಗಿದರು. "ಸಾರಿ ಮೇಡಂ. ನಿಮ್ ಕಿವಿ ಮೇಲೆ ಅನುಮಾನ ಪಟ್ಟಿದ್ದು ನನ್ ತಪ್ಪು."

"ಊಟ ಮಾಡಪ್ಪ, ಆರೋಗುತ್ತೆ," ಎಂದರು ನರ್ಸಮ್ಮ.

ಒಂದೇ ಒಂದು ಹಕ್ಕಿಯಲ್ಲಿ ಗೆದ್ದೆವು. ಚಿಕ್ಕಬಳ್ಳಾಪುರದಲ್ಲಿ ಎಲ್ಲರೂ ಸೇರಿದಾಗ ಹರಿತಾ ನಗ್ಗಿದ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. "ಕುಡಿಯೇ ರಾಕ್ಷಸಿ." ನಲ್ಲಪ್ಪನವರು ಎರಡು ಸಲ ಹಾಕಿಸಿಕೊಂಡರು, ಎರಡನೆಯದು ಲಗೇಜ್ ಟಿಕೆಟ್ ಎಂದು. ನರ್ಸಮ್ಮ ಕುಡಿಯುವ ಮೊದಲು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಮಗುವನ್ನು ಹಿಡಿದುಕೊಳ್ಳುವ ಹಾಗೆ.

ಅಧಿಕೃತ ಪ್ರಕಟಣೆ ಇಲ್ಲಿಗೆ ಮುಗಿಯಿತು. ಇತಿಹಾಸ ಇದಕ್ಕಿಂತ ಹೆಚ್ಚು ಕೇಳಬಾರದು.


ಅಕ್ಟೋಬರ್ 15, ಬುಧವಾರ

ಎರಡು ದಿನ ಬರೆಯಲಿಲ್ಲ. ಸೋಮವಾರದಿಂದ ದಿನಾ ಬೆಳಿಗ್ಗೆ ವಾಕಿಂಗ್ ಎಂದು ಹೇಳಿ ಹುಣಸೆ ಮರಕ್ಕೆ ಹೋಗುತ್ತಿದ್ದೇನೆ. ಉಲಿಯಕ್ಕಿ ಮತ್ತೆ ಕೇಳಿಸುತ್ತದೇನೋ ಎಂದು. ಸುಮ್ಮನೆ. ಕಾಗೆ ಇದೆ. ಅಳಿಲು ಇದೆ.

ಇವತ್ತು ಹೋದರೆ ಮರದಡಿ ಆಗಲೇ ಯಾರೋ ಇದ್ದರು. ಬೈನಾಕ್ಯುಲರ್ ಕಣ್ಣಿಗೆ, ಕತ್ತು ಹಿಂದಕ್ಕೆ.

"ಏನ್ ನರ್ಸಮ್ಮ ಇಷ್ಟೊತ್ತಿಗೆ?"

ಬೆಚ್ಚಿದರು. "ವಾಕಿಂಗು."

"ನಿಂತ್ಕೊಂಡಾ?"

"ನೀನ್ಯಾಕ್ ಬಂದೆ?"

"ವಾಕಿಂಗು."

ಕೊನೆಗೆ ಅವರೇ ಶುರು ಮಾಡಿದರು.

"ಒಂದು ಸಲ ಕಣ್ಣಲ್ಲಾದ್ರೂ ನೋಡ್ಬಿಡಣ ಅಂತ ಬಂದೆ ಕಣಮ್ಮ. ಕಿವಿಗಂತೂ ಬೀಳಲಿಲ್ಲವಲ್ಲ."

"ಏನು ಬೀಳಲಿಲ್ಲ?"

"ಸಾಕು ಬಿಡು ನಾಟಕ. ಸರ್ವೀಸ್ ಪೂರ್ತಿ ಕೆಮ್ಮು ಕೇಳಿದೋಳು ನಾನು. ಕಫದ ಕೆಮ್ಮು ಯಾವ್ದು, ಕಳ್ಳ ಕೆಮ್ಮು ಯಾವ್ದು ಗೊತ್ತಾಗಲ್ವಾ? ಒಂದಕ್ಕೆ ಬದನಿಕೆ, ಎರಡಕ್ಕೆ ಸೂರಕ್ಕಿ. ಮೊದಲನೇ ದಿನಾನೇ ತಿಳೀತು."

ನನ್ನ ಸೈಕಾಲಜಿ ಕೆರೆಗೆ ಹಾರಿತು.

"ಮತ್ತೆ ಹೇಳಲೇ ಇಲ್ಲ?"

"ನೀನು ಹೇಳಿದ್ಯಾ?" ಸೆರಗಿನಿಂದ ಬೈನಾಕ್ಯುಲರ್ ಒರೆಸಿದರು. "ಮರ ಮೂಗ ಆಗಿದೆ ಅಂದಾಗ ನೀನು ಹೌದು ಅಂದ್ಯಲ್ಲ, ಆವತ್ತೇ ಗೊತ್ತಾಯ್ತು. ಮೂಗ ಆಗಿರೋದು ಮರ ಅಲ್ಲ ಅಂತ. ಆಮೇಲೆ ನೀನು ಕೆಮ್ಮಕ್ಕೆ ಶುರು ಮಾಡ್ದೆ. ಸರಿ, ಕೆಮ್ಮಲಿ ಅಂದ್ಕೊಂಡೆ. ಚೆನ್ನಾಗಿತ್ತು."

ಅಷ್ಟರಲ್ಲಿ ಏರಿಯ ಮೇಲೆ ಬೈಕಿನ ಸದ್ದು. ಅಂಬರೀಶ್ ಸರ್. ಚಿಕ್ಕಬಳ್ಳಾಪುರದಿಂದ. ಕ್ಯಾಮೆರಾ, ಜೊತೆಗೆ ದನಿ ರೆಕಾರ್ಡ್ ಮಾಡುವ ಮೈಕ್. ನಮ್ಮನ್ನು ನೋಡಿ ಹೆಲ್ಮೆಟ್ ತೆಗೆಯುವುದನ್ನೇ ಮರೆತರು.

"ಈ ಕಡೆ... ಸ್ವಲ್ಪ ಕೆಲಸ ಇತ್ತು," ಎಂದರು ಹೆಲ್ಮೆಟ್ಟಿನೊಳಗಿಂದ.

"ನಿಮ್ದೂ ವಾಕಿಂಗಾ ಸರ್?"

ಹೆಲ್ಮೆಟ್ ತೆಗೆದರು. ಮುಖ ಕೆಂಪಗೆ. "ಮೇಡಂ, ಒಂದು ವಿಷಯ. ಮೂರು ದಿನದಿಂದ ನಿದ್ದೆ ಇಲ್ಲ. ಆವತ್ತು ನನಗೆ... ನೀವಿಬ್ರೂ ಅಷ್ಟು ಗ್ಯಾರಂಟಿಯಾಗಿ ಹೇಳಿದ್ರಿ. ನನಗೆ ಕೇಳಿಸ್ಲಿಲ್ಲ ಅಂದ್ರೆ ಏನಂದ್ಕೋತೀರೋ ಅಂತ... ನನಗೆ ಏನೂ ಕೇಳಿಸಿರ್ಲಿಲ್ಲ."

ನರ್ಸಮ್ಮ ಅವರನ್ನೇ ನೋಡಿದರು. ಆಮೇಲೆ ಕಲ್ಲಿನ ಮೇಲೆ ಕೂತು ನಗಲು ಶುರು ಮಾಡಿದರು. ಭುಜ ಕುಣಿಯುವ ಹಾಗೆ, ಕಣ್ಣೀರು ಬರುವವರೆಗೆ.

"ನನಗೂ ಕೇಳಿಸ್ಲಿಲ್ಲ ಕಣಪ್ಪ. ಈ ಹುಡುಗಿ ಕೆಮ್ಮಿದ್ಲು. ಇವಳು ಮೂರು ಕೆಮ್ಮಿದ್ರೆ ಉಲಿಯಕ್ಕಿ. ಸಣ್ಣ ದನಿಗೆಲ್ಲ ಇವಳೇ ನನ್ ಕಿವಿ. ಟೇಬಲ್ ಹಾಕ್ಸು ಮುಂದಿನ ವರ್ಷ, ಕೂತ್ಕೋತೀನಿ. ಮಾತು ಮಾತೇ."

ಅಂಬರೀಶ್ ಸರ್ ಅವರ ಪಕ್ಕ ಕೂತರು. ಹುಲ್ಲು ಕಿತ್ತರು. ಈ ಸಲ ಡೇಟಾ ಎಂಬ ಮಾತು ಬರಲಿಲ್ಲ.

"ಮೇಡಂ, ನನಗಿಂತ ಮೊದ್ಲು ನೀವು ನೀಲಕಂಠ ಕಂಡ್ರಿ. ಜಂಬುಕೋಳಿ ನನಗೆ ಕಂಡೇ ಇರ್ಲಿಲ್ಲ. ಹುಮಾ ಕಿವಿ, ನಿಮ್ ಕಣ್ಣು. ಇದೂ ಒಂದು ಜೋಡೀನೇ ತಾನೆ? ಮುಂದಿನ ವರ್ಷ ಕದ್ದುಮುಚ್ಚಿ ಬೇಡ. ಅವಳು ಕೇಳಿದ್ದನ್ನ ಬಾಯಿಬಿಟ್ಟು ಹೇಳ್ಲಿ, ನೀವು ಹುಡುಕಿ. ಲೈನ್ ನಿಮ್ದೇ."

"ನಿಜಾನಾ?"

"ನಿಜ. ನಾಳೇನೇ ಗ್ರೂಪಲ್ಲಿ ಹಾಕ್ತೀನಿ."

ನರ್ಸಮ್ಮ ನನ್ನ ಕೈ ಹಿಡಿದುಕೊಂಡರು. ಬ್ಯಾಗಿನಿಂದ ಶುಂಠಿ ತುಂಡು ತೆಗೆದು ಅಂಗೈಯಲ್ಲಿಟ್ಟು ಮುಚ್ಚಿದರು.

ಬೈಕ್ ಹತ್ತುವಾಗ ಅಂಬರೀಶ್ ಸರ್ ತಿರುಗಿದರು. "ಹುಮಾ, ಮೂವರಲ್ಲಿ ಕೇಳಿದ್ದು ನೀನೊಬ್ಳೇ. ಆ ಹಕ್ಕಿ ಈಗ ನಿನ್ ಮೇಲೇ ನಿಂತಿದೆ. ಸರಿಯಾಗಿ ಕೇಳಿಸ್ತು ತಾನೆ?"

ನರ್ಸಮ್ಮ ನನ್ನನ್ನೇ ನೋಡುತ್ತಿದ್ದರು. ನನ್ನ ಎದೆಬಡಿತವನ್ನು ಮೊದಲು ಕೇಳಿದವರ ಮುಖ.

"ಕೇಳಿಸ್ತು ಸರ್. ಸ್ಪಷ್ಟವಾಗಿ."

ಇಬ್ಬರ ಮುಖದಲ್ಲೂ ಎಂಥ ನೆಮ್ಮದಿ.

ಫ್ಲಾಸ್ಕ್ ಈ ವಾರ ನಮ್ಮ ಮನೆಯಲ್ಲಿದೆ. ಅಮ್ಮಿ ಅದರಲ್ಲಿ ಜೋಶಾಂದಾ ತುಂಬಿಟ್ಟಿದ್ದಾರೆ. ಅಬ್ಬಾ ಘಟಕಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದಾರೆ, ಜಿಲ್ಲೆಯ ಮೊದಲ ಉಲಿಯಕ್ಕಿ ಹಿಡಿದವಳು ನನ್ನ ಮಗಳು ಎಂದು. ಹಿಡಿದಿಲ್ಲ ಅಬ್ಬಾ ಎಂದರೂ ಕೇಳುವುದಿಲ್ಲ.

ಆದ್ದರಿಂದ ಸಕಲ ಪಕ್ಷಿಸಮೂಹದ ಸನ್ನಿಧಾನಕ್ಕೆ ಮಾತ್ರ, ಕಿವಿಯಲ್ಲಿ ಹೇಳುವ ಹಾಗೆ ಒಂದು ಅರಿಕೆ. ನರ್ಸಮ್ಮನ ಚಿತ್ರಾನ್ನ. ಎರಡನೇ ತುತ್ತು. ಅದರಲ್ಲಿ ಒಂದು ಇಡೀ ಹಸಿಮೆಣಸಿನಕಾಯಿ ಇತ್ತು, ನೋಡದೆ ಕಚ್ಚಿಬಿಟ್ಟೆ, ಅದು ಸೀದಾ ಗಂಟಲಿಗೆ ಹತ್ತಿ, ಮೂರು ಸಲ —